ಮಳೆಯ ಸೀಮೆಯಲ್ಲಿ ಎಲೆಕ್ಟ್ರಿಕ್ ಗಿಟಾರ್ ಕಟ್ಟುವ ಬಗೆ

ಮನೆಯಲ್ಲೇ ಎಲೆಕ್ಟ್ರಿಕ್ ಗಿಟಾರ್ ಕಟ್ಟುವುದನ್ನು ಕಲಿಸುವ ಪುಸ್ತಕಗಳೂ ವೀಡಿಯೋಗಳೂ ಸಾಕಷ್ಟಿವೆ. ಅವುಗಳಲ್ಲಿ ಹೆಚ್ಚಿನವನ್ನು ಮಾಡಿದವರು ಒಣಹವೆಯ ದೇಶಗಳ ಕೆಲಸಗಾರರು. ಅವರು ಹೇಳುವ ಆಲ್ಡರ್, ಆ್ಯಶ್, ಮೇಪಲ್ ಮರಗಳು ನಮ್ಮ ಉತ್ತರ ಕನ್ನಡ ಜಿಲ್ಲೆಯ ಶಿರಸಿಯ ಸಾಮಿಲ್ಲಿನಲ್ಲಿ ಸಿಗುವುದಿಲ್ಲ. ಒಂದೆರಡು ದಿನಗಳಲ್ಲಿ ಒಣಗುತ್ತದೆಂದು ಅವರು ಭರವಸೆ ಕೊಡುವ ವಾರ್ನಿಶ್ ಹೊನ್ನಾವರದ ಜುಲೈ ತಿಂಗಳಲ್ಲಿ ವಾರ ಕಳೆದರೂ ಬೆರಳಿಗೆ ಅಂಟುತ್ತಿರುತ್ತದೆ. ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಸುರಿಯುವ ಕರಾವಳಿಯಲ್ಲಾಗಲಿ, ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಾಗಲಿ, ಈ ಕೆಲಸ ಕೈಗೂಡುವುದೂ ಕೆಡುವುದೂ ಮರದೊಳಗಿನ ತೇವದಿಂದಲೇ. ಹಾಗಾಗಿ ಇಲ್ಲಿ ಪ್ರತಿಯೊಂದು ಹಂತವನ್ನೂ ತೇವವನ್ನು ಗಮನದಲ್ಲಿಟ್ಟುಕೊಂಡು ವಿವರಿಸಿದ್ದೇನೆ.

ಕೆಲಸದ ವೇಳೆಯನ್ನು ಮೊದಲೇ ಋತುವಿಗೆ ಹೊಂದಿಸಿಕೊಳ್ಳಬೇಕು. ಆಗಲೇ ಒಣಗಿದ ಮರವನ್ನು ಬೇಸಗೆಯಲ್ಲಿ ಕೊಂಡು, ಮಳೆಗಾಲವಿಡೀ ಅಟ್ಟದ ಮೇಲಿಟ್ಟು, ದೀಪಾವಳಿ ಕಳೆದ ಮೇಲೆ ಗರಗಸ ಹಚ್ಚುವುದು ಒಳ್ಳೆಯದು. ಡಿಸೆಂಬರ್ ಮುಗಿಯುವುದರೊಳಗೆ ಒಡಲನ್ನು ಕತ್ತರಿಸಿ ಒಮ್ಮೆ ಜೋಡಿಸಿ ನೋಡಿ, ಜನವರಿ ಮತ್ತು ಫೆಬ್ರವರಿಯಲ್ಲಿ ಪಾಲಿಶ್ ಮಾಡಿ, ಅದು ಗಟ್ಟಿಯಾಗಲು ಮಾರ್ಚ್ ತಿಂಗಳನ್ನು ಬಿಟ್ಟುಕೊಟ್ಟರೆ, ಯುಗಾದಿಯ ಹೊತ್ತಿಗೆ ತಂತಿ ಕಟ್ಟಬಹುದು. ಮಳೆಗಾಲದಲ್ಲಿ ಮರ ಮುಟ್ಟಬಾರದೆಂದಲ್ಲ. ವೈರಿಂಗ್, ಮಾದರಿ ಹಲಗೆ, ಬೆಸುಗೆಯ ಅಭ್ಯಾಸ ಇವೆಲ್ಲ ಆಗ ಮಾಡಿಕೊಳ್ಳಬಹುದಾದ ಕೆಲಸಗಳು.

ಮೊದಲ ಗಿಟಾರಿನ ವಿನ್ಯಾಸ ಸರಳವಾಗಿರಲಿ. ಲಿಯೋ ಫೆಂಡರ್ 1950ರಲ್ಲಿ ಮಾರುಕಟ್ಟೆಗೆ ತಂದ, ಮುಂದೆ ಟೆಲಿಕಾಸ್ಟರ್ ಎಂದು ಹೆಸರಾದ ಗಿಟಾರಿನ ಒಡಲು ಒಂದು ಚಪ್ಪಟೆ ಹಲಗೆ ಮಾತ್ರ; ನೆಕ್ಕನ್ನು, ಎಂದರೆ ಬೆರಳಾಡಿಸುವ ಉದ್ದನೆಯ ಕತ್ತನ್ನು, ಅದಕ್ಕೆ ಅಂಟಿಸಿರಲಿಲ್ಲ, ನಾಲ್ಕು ಸ್ಕ್ರೂಗಳಿಂದ ಬಿಗಿದಿದ್ದರು. ನಮ್ಮ ಹವೆಗೆ ಇದಕ್ಕಿಂತ ಹೊಂದುವ ವಿನ್ಯಾಸವನ್ನು ನಾನು ಕಾಣೆ. ಮರ ಸ್ವಲ್ಪ ಜರುಗಿದರೆ ನೆಕ್ಕನ್ನು ಬಿಚ್ಚಿ, ಅಡಿಗೆ ತೆಳ್ಳನೆಯ ಮರದ ಪಟ್ಟಿಯೊಂದನ್ನಿಟ್ಟು ಮತ್ತೆ ಬಿಗಿಯಬಹುದು. ಅಂಟಿಸಿದ ನೆಕ್ಕಿನಲ್ಲಿ ಈ ಅನುಕೂಲವಿಲ್ಲ. ಒಡಲಿನ ಮೇಲೆ ತಂತಿಗಳನ್ನು ಹೊತ್ತು ನಿಲ್ಲುವ ಬ್ರಿಡ್ಜ್ ಕೂಡ ಅಲುಗಾಡದ, ಒಡಲಿಗೆ ನೇರವಾಗಿ ಕೂರುವ ಬಗೆಯದೇ ಇರಲಿ. ಸ್ಪ್ರಿಂಗ್‌ಗಳ ಮೇಲೆ ಅಲುಗಾಡುವ ಟ್ರೆಮೊಲೊ ಬ್ರಿಡ್ಜನ್ನು ಎರಡನೆಯ ಗಿಟಾರಿಗೆ ಉಳಿಸಿಕೊಳ್ಳಿ.

ನೆಕ್ಕನ್ನು ಸಿದ್ಧವಾಗಿ ಕೊಳ್ಳುವುದೋ ತಾನೇ ಮಾಡುವುದೋ ಎಂಬ ಪ್ರಶ್ನೆಗೆ ನನ್ನ ಉತ್ತರ ಸ್ಪಷ್ಟವಾಗಿದೆ: ಮೊದಲ ಸಲ ಕೊಳ್ಳಿರಿ. ನೆಕ್ಕಿನೊಳಗಿದ್ದು ಅದರ ಬಾಗನ್ನು ತಿದ್ದುವ ಉಕ್ಕಿನ ಟ್ರಸ್ ರಾಡ್, ಫ್ರೆಟ್ಟುಗಳೆಂಬ ಲೋಹದ ಅಡ್ಡಪಟ್ಟಿಗಳ ಸೀಳು, ಬೆರಳ ಹಲಗೆಯ ಉಬ್ಬು ಇವೆಲ್ಲವೂ ಮಿಲಿಮೀಟರಿನ ಸಣ್ಣ ಭಾಗದಷ್ಟು ನಿಖರತೆಯನ್ನು ಬೇಡುತ್ತವೆ. ಕೊಂಡ ನೆಕ್ಕನ್ನೂ ಅಳೆದೇ ಒಪ್ಪಿಕೊಳ್ಳಬೇಕು. ನೆಕ್ಕಿನ ಮೇಲ್ತುದಿಯಲ್ಲಿ ತಂತಿಗಳು ಕೂರುವ ಸೀಳುಪಟ್ಟಿಗೆ ನಟ್ ಎನ್ನುತ್ತಾರೆ. ನಟ್‌ನಿಂದ ಬ್ರಿಡ್ಜ್‌ವರೆಗಿನ ತಂತಿಯ ಉದ್ದ 648 ಮಿಲಿಮೀಟರ್ ಎಂದಿಟ್ಟುಕೊಂಡರೆ, ಅದನ್ನು 17.817ರಿಂದ ಭಾಗಿಸಿದಾಗ ಬರುವ 36.37 ಮಿಲಿಮೀಟರ್ ಮೊದಲ ಫ್ರೆಟ್ಟಿನ ಜಾಗ. ಉಳಿದ ಉದ್ದವನ್ನು ಮತ್ತೆ ಅದೇ ಸಂಖ್ಯೆಯಿಂದ ಭಾಗಿಸುತ್ತ ಹೋದರೆ ಎರಡನೆಯದು ನಟ್‌ನಿಂದ 70.70ಕ್ಕೆ, ಮೂರನೆಯದು 103.10ಕ್ಕೆ ಬರುತ್ತದೆ. ಹನ್ನೆರಡನೆಯದು ಸರಿಯಾಗಿ ಅರ್ಧಕ್ಕೆ, ಎಂದರೆ 324 ಮಿಲಿಮೀಟರಿಗೆ ಬೀಳುತ್ತದೆ. ಉಕ್ಕಿನ ಅಳತೆಪಟ್ಟಿಯಿಟ್ಟು ಇಷ್ಟನ್ನು ನೋಡಿಕೊಳ್ಳಿ, ಬಳಿಕ ನೆಕ್ಕಿನ ತುದಿಯಿಂದ ಕಣ್ಣೋಡಿಸಿ ಅದು ತಿರುಚಿಲ್ಲವೆಂದು ಖಚಿತಪಡಿಸಿಕೊಳ್ಳಿ. ಬಾಗಿದ್ದರೆ ಟ್ರಸ್ ರಾಡ್ ಸರಿಪಡಿಸುತ್ತದೆ. ತಿರುಚಿದ್ದರೆ ಅದಕ್ಕೆ ಮದ್ದಿಲ್ಲ.

ಮರದ ಆಯ್ಕೆ ಮತ್ತು ಒಣಗಿಸುವಿಕೆ

ಎಲೆಕ್ಟ್ರಿಕ್ ಗಿಟಾರಿನ ದನಿ ಹುಟ್ಟುವುದು ಉಕ್ಕಿನ ತಂತಿಯು ಪಿಕಪ್ಪಿನ ಅಯಸ್ಕಾಂತದ ಮೇಲೆ ಕಂಪಿಸಿ, ಅದರ ಸುತ್ತಲಿನ ತಾಮ್ರದ ಸುರುಳಿಯಲ್ಲಿ ಸಣ್ಣ ವಿದ್ಯುತ್ತನ್ನು ಹುಟ್ಟಿಸಿದಾಗ. ವೀಣೆಯ ಬುರುಡೆಯಂತೆ ಇಲ್ಲಿ ಒಡಲು ನಾದವನ್ನು ತುಂಬಿಕೊಡಬೇಕಾಗಿಲ್ಲ. ಸಾಮಾನ್ಯ ದಪ್ಪದ ಆರು ತಂತಿಗಳನ್ನು ಶ್ರುತಿಗೆ ಏರಿಸಿದಾಗ ಅವು ಒಟ್ಟು ಸುಮಾರು 45 ಕಿಲೋ ಭಾರದಷ್ಟು ಬಲದಿಂದ ಎಳೆಯುತ್ತವೆ. ಆ ಎಳೆತಕ್ಕೆ ಜಗ್ಗದೆ, ಋತು ಬದಲಾದರೂ ಆಕಾರ ಬದಲಾಯಿಸದೆ ನಿಲ್ಲುವುದೇ ಮರದ ಮುಖ್ಯ ಹೊಣೆ. ಆದ್ದರಿಂದ ಯಾವ ಮರಕ್ಕೆ ಯಾವ ನಾದ ಎಂಬ ಚರ್ಚೆಗಿಂತ ಯಾವ ಮರ ಎಷ್ಟು ಒಣಗಿದೆ ಎಂಬ ವಿಚಾರಣೆಗೆ ಹೆಚ್ಚು ಸಮಯ ಕೊಡಬೇಕು.

ಈ ಜಿಲ್ಲೆಯಲ್ಲಿ ನನ್ನ ಮೊದಲ ಆಯ್ಕೆ ಹಲಸು. ವೀಣೆ, ಮೃದಂಗಗಳಿಗೆ ಶತಮಾನಗಳಿಂದ ಬಳಕೆಯಾಗುತ್ತ ಬಂದಿರುವ ಈ ಮರದ ಕೆಚ್ಚು ಒಣಗಿದ ಮೇಲೆ ಹೆಚ್ಚು ಜರುಗುವುದಿಲ್ಲ, ಉಳಿಗೆ ಚೆನ್ನಾಗಿ ಒಗ್ಗುತ್ತದೆ, ಗೆದ್ದಲನ್ನೂ ತಡೆದುಕೊಳ್ಳುತ್ತದೆ. ಕತ್ತರಿಸಿದಾಗ ಕಾಣುವ ಹಳದಿ ಬಣ್ಣ ಬೆಳಕಿಗೆ ಒಡ್ಡಿಕೊಂಡಂತೆ ಜೇನಿನ ಕಂದಿಗೆ ತಿರುಗುವುದರಿಂದ ಪ್ರತ್ಯೇಕ ಬಣ್ಣ ಹಚ್ಚುವ ಅಗತ್ಯವೇ ಬೀಳುವುದಿಲ್ಲ. ತೇಗ ಹಲಸಿಗಿಂತಲೂ ಸ್ಥಿರವಾದದ್ದು, ಆದರೆ ಭಾರ: 45 ಮಿಲಿಮೀಟರ್ ದಪ್ಪದ ತೇಗದ ಒಡಲೊಂದೇ ಎರಡೂವರೆ ಕಿಲೋ ದಾಟಬಹುದು. ತೇಗವನ್ನೇ ಬಳಸುವುದಾದರೆ ಒಳಗೆ ಕೆಲವು ಗುಂಡಿಗಳನ್ನು ಕೊರೆದು, ಮೇಲೆ 6 ಮಿಲಿಮೀಟರಿನ ಹಲಗೆಯನ್ನು ಮುಚ್ಚಿ ಭಾರ ಇಳಿಸಬೇಕು. ಮಾವು ಅಗ್ಗವಾಗಿ ಸಿಗುತ್ತದೆ, ಆದರೆ ಅದಕ್ಕೆ ಹುಳು ಬೇಗ ಬೀಳುತ್ತದೆ. ಕರಾವಳಿಯ ನೆಡುತೋಪುಗಳ ಅಕೇಶಿಯಾ ಒಣಗುವಾಗ ಸೀಳುವುದೂ ತಿರುಚುವುದೂ ಉಂಟಾದ್ದರಿಂದ, ಹಲವು ವರ್ಷ ಒಣಗಿದ ತುಂಡು ಕಣ್ಣಾರೆ ಕಂಡರೆ ಮಾತ್ರ ಅದನ್ನು ಆರಿಸಿಕೊಳ್ಳಿ. ಬೀಟೆ, ತೇಗಗಳು ಸ್ವಂತ ಜಮೀನಿನಲ್ಲೇ ಇದ್ದರೂ ಅನುಮತಿಯಿಲ್ಲದೆ ಕಡಿಯುವಂತಿಲ್ಲ. ರಸೀದಿ ಕೊಡುವ ಸಾಮಿಲ್ಲಿನಿಂದಲೇ ಕೊಳ್ಳಿ.

ಎಲ್ಲಕ್ಕಿಂತ ಒಳ್ಳೆಯ ನಾಟಾ ಸಿಗುವುದು ಹಳೆಯ ಮನೆ ಕೆಡವುವ ಜಾಗದಲ್ಲಿ. ತೊಲೆ, ಕಂಬ, ಬಾಗಿಲುವಾಡಗಳ ಮರ ಎಷ್ಟೋ ಮಳೆಗಾಲಗಳನ್ನು ಕಂಡು, ಜರುಗುವಷ್ಟು ಜರುಗಿ ಶಾಂತವಾಗಿರುತ್ತದೆ. ಕ್ವೀನ್ ತಂಡದ ಬ್ರಯಾನ್ ಮೇ ತಮ್ಮ ತಂದೆಯೊಂದಿಗೆ 1963ರಲ್ಲಿ ಮನೆಯಲ್ಲೇ ಕಟ್ಟಲು ತೊಡಗಿದ ಗಿಟಾರಿನ ನೆಕ್ಕು ಹಳೆಯ ಬೆಂಕಿಗೂಡಿನ ಚೌಕಟ್ಟಿನ ಮರದ್ದು. ಅದರಲ್ಲಿದ್ದ ಹುಳುತೂತುಗಳನ್ನು ಅವರು ಬೆಂಕಿಕಡ್ಡಿಗಳಿಂದ ಮುಚ್ಚಿದ್ದರು. ಆ ಗಿಟಾರನ್ನೇ ಅವರು ದಶಕಗಳ ಕಾಲ ವೇದಿಕೆಯ ಮೇಲೆ ನುಡಿಸಿದರು. ಹಳೆಯ ತೊಲೆಯನ್ನು ಗರಗಸಕ್ಕೆ ಕೊಡುವ ಮುನ್ನ ಹಾಳಾದ ಸ್ಪೀಕರಿನ ಅಯಸ್ಕಾಂತವನ್ನು ಅದರ ನಾಲ್ಕೂ ಮೈಗಳ ಮೇಲೆ ನಿಧಾನವಾಗಿ ಸರಿಸಿ, ಒಳಗೆ ಮುರಿದುಳಿದ ಮೊಳೆಗಳನ್ನು ಹುಡುಕಿ ಕಿತ್ತುಬಿಡಿ.

ಹೊಸ ಹಲಗೆಯಾದರೆ ಒಣಗಿಸುವ ಕೆಲಸ ನಿಮ್ಮದು. ಒಂದು ಇಂಚು ದಪ್ಪಕ್ಕೆ ಒಂದು ವರ್ಷ ಎಂಬ ಬಡಗಿಗಳ ಲೆಕ್ಕ ಸ್ಥೂಲವಾಗಿ ಸರಿಯಾಗಿದೆ. ಹಲಗೆಗಳ ನಡುವೆ ಒಂದೇ ದಪ್ಪದ ಪಟ್ಟಿಗಳನ್ನಿಟ್ಟು ಗಾಳಿಯಾಡುವಂತೆ ಪೇರಿಸಿ, ತೇವ ಬೇಗ ಹೊರಡುವ ಎರಡೂ ತುದಿಗಳಿಗೆ ಮೇಣವನ್ನೋ ಹಳೆಯ ಬಣ್ಣವನ್ನೋ ಬಳಿಯಿರಿ. ಇಲ್ಲವಾದರೆ ತುದಿಗಳು ಮೊದಲು ಒಣಗಿ ಸೀಳುತ್ತವೆ. ಅಡುಗೆಮನೆಯ ಮೇಲಿನ ಅಟ್ಟ ಇದಕ್ಕೆ ಯೋಗ್ಯವಾದ ಜಾಗ. ಬಿಸಿಲಿಗೆ ಇಡಬಾರದು: ಬಿಸಿಲಿನಲ್ಲಿ ಹೊರಮೈ ಬೇಗ ಒಣಗಿ ಒಳಗೆ ಹಸಿಯಾಗಿಯೇ ಉಳಿದ ಅಡಿಕೆಯಂತೆ, ಮರವೂ ಹೊರಗಿನಿಂದ ಮೋಸ ಮಾಡುತ್ತದೆ. ಒಣಗಿದೆಯೇ ಎಂದು ತಿಳಿಯಲು ಹಲಗೆಯನ್ನು ವಾರಕ್ಕೊಮ್ಮೆ ತೂಗಿ ತೂಕವನ್ನು ಅದರ ಮೇಲೆಯೇ ಪೆನ್ಸಿಲಿನಿಂದ ಬರೆದಿಡಿ. ಚಳಿಗಾಲದಲ್ಲಿ ಮೂರು ನಾಲ್ಕು ವಾರ ತೂಕ ಇಳಿಯದೆ ನಿಂತರೆ ಮರ ಹವೆಯೊಂದಿಗೆ ಸಮಕ್ಕೆ ಬಂದಿದೆ ಎಂದರ್ಥ. ತೇವದ ಮೀಟರ್ ಇದ್ದರೆ ಅದು 10ರಿಂದ 12 ಶೇಕಡ ತೋರಿಸಬೇಕು. ಮಳೆಗಾಲದಲ್ಲಿ ಅದೇ ಮರ ಅದಕ್ಕಿಂತ ಬಹಳ ಮೇಲಕ್ಕೆ ಏರುತ್ತದೆ.

ಒಡಲು

500 ಮಿಲಿಮೀಟರ್ ಉದ್ದ, 350 ಅಗಲ, 45 ದಪ್ಪದ ಹಲಗೆ ಬೇಕು. ಇಷ್ಟು ಅಗಲದ ಒಂದೇ ತುಂಡಿಗಿಂತ ಎರಡು ಅಥವಾ ಮೂರು ತುಂಡುಗಳನ್ನು ಅಂಟಿಸಿದ್ದೇ ಲೇಸು, ಏಕೆಂದರೆ ಅಗಲವಾದ ಒಂಟಿ ಹಲಗೆ ತೇವ ಹೀರಿದಾಗ ಬಟ್ಟಲಿನಂತೆ ಬಾಗುತ್ತದೆ. ಅಂಟಿಸುವಾಗ ಪಕ್ಕದ ತುಂಡುಗಳ ಬೆಳವಣಿಗೆಯ ಉಂಗುರಗಳು ಒಂದಕ್ಕೊಂದು ಎದುರು ದಿಕ್ಕಿಗೆ ಬಾಗುವಂತೆ ಇಡಿ. ಕೀಸಿದ ಅಂಚುಗಳನ್ನು ಜೋಡಿಸಿ ಬೆಳಕಿಗೆ ಹಿಡಿದರೆ ನಡುವೆ ಬೆಳಕು ನುಸುಳಬಾರದು. ನೀರು ತಡೆಯುವ ಬಗೆಯ ಬಿಳಿ ಮರದಂಟನ್ನು ಹಚ್ಚಿ, ಕ್ಲ್ಯಾಂಪುಗಳಿಂದ ಬಿಗಿದು ಒಂದು ದಿನ ಬಿಡಿ. ತೇಗದಲ್ಲಿ ಸಹಜವಾದ ಎಣ್ಣೆಯಿರುವುದರಿಂದ ಅಂಟು ಹಚ್ಚುವ ಸ್ವಲ್ಪ ಮುಂಚೆ ಅಂಚನ್ನು ಥಿನ್ನರಿನಿಂದ ಒರೆಸಬೇಕು. ದಪ್ಪವನ್ನು ಸಮ ಮಾಡಲು ಕೈಯಲ್ಲಿ ಹೆಣಗುವ ಬದಲು ಸಾಮಿಲ್ಲಿನ ಅಥವಾ ಪೀಠೋಪಕರಣ ಮಾಡುವವರ ಯಂತ್ರದಲ್ಲಿ ಕೀಸಿಸಿಕೊಂಡು ಬನ್ನಿ.

ಆಕಾರವನ್ನು ಮೊದಲು 9 ಮಿಲಿಮೀಟರಿನ ಪ್ಲೈವುಡ್ಡಿನಲ್ಲಿ ಕತ್ತರಿಸಿ ಮಾದರಿ ಮಾಡಿಕೊಳ್ಳಿ. ಅದರ ಮೇಲೂ ಒಡಲಿನ ಮೇಲೂ ಚೂಪಾದ ಪೆನ್ಸಿಲಿನಿಂದ ಒಂದು ನಡುಗೆರೆ ಎಳೆಯಿರಿ. ಮುಂದಿನ ಎಲ್ಲ ಅಳತೆಗಳೂ ಆ ಗೆರೆಯಿಂದಲೇ ಹೊರಡಬೇಕು. ಜಿಗ್‌ಸಾದಿಂದ ಗೆರೆಯ ಹೊರಗೆ ಎರಡು ಮೂರು ಮಿಲಿಮೀಟರ್ ಬಿಟ್ಟು ಕತ್ತರಿಸಿ, ಉಳಿದದ್ದನ್ನು ಮರ ಕೊರೆಯುವ ರೂಟರ್ ಯಂತ್ರದ ಬೇರಿಂಗ್ ಇರುವ ಬಿಟ್‌ನಿಂದ ಮಾದರಿಗೆ ತಾಗಿಸಿ ತೆಗೆಯಿರಿ. ಒಮ್ಮೆಗೆ ಐದಾರು ಮಿಲಿಮೀಟರಿಗಿಂತ ಆಳಕ್ಕೆ ಹೋಗಬೇಡಿ. ತೇಗದ ಧೂಳು ಚರ್ಮಕ್ಕೂ ಶ್ವಾಸಕ್ಕೂ ಒಗ್ಗುವುದಿಲ್ಲವಾದ್ದರಿಂದ ಮಾಸ್ಕ್ ಮತ್ತು ಕನ್ನಡಕವಿಲ್ಲದೆ ರೂಟರ್ ಚಾಲೂ ಮಾಡಲೇಬೇಡಿ.

ಇನ್ನು ನೆಕ್ಕು ಕೂರುವ ಗುಂಡಿ. ಇಡೀ ಗಿಟಾರಿನಲ್ಲಿ ಇದಕ್ಕಿಂತ ಎಚ್ಚರ ಬೇಡುವ ಭಾಗ ಬೇರೊಂದಿಲ್ಲ. ಫೆಂಡರ್ ಮಾದರಿಯ ನೆಕ್ಕಿನ ಹಿಮ್ಮಡಿ ಸುಮಾರು 56 ಮಿಲಿಮೀಟರ್ ಅಗಲ ಮತ್ತು 25 ಮಿಲಿಮೀಟರ್ ದಪ್ಪವಿರುತ್ತದೆ. ಗುಂಡಿಯ ಆಳ 16 ಮಿಲಿಮೀಟರ್. ಆದರೆ ಪುಸ್ತಕದ ಅಳತೆಯನ್ನು ನಂಬಿ ಕೊರೆಯದೆ, ನಿಮ್ಮ ಕೈಯಲ್ಲಿರುವ ನೆಕ್ಕಿನ ಸುತ್ತಲೇ ಗೆರೆ ಎಳೆದು ಅದಕ್ಕೆ ತಕ್ಕ ಮಾದರಿ ಮಾಡಿ, ಮೊದಲು ಬೇಡದ ಹಲಗೆಯ ಮೇಲೆ ಕೊರೆದು ನೋಡಿ. ಗಿಟಾರನ್ನು ನೆಕ್ಕಿನಿಂದ ಮೇಲಕ್ಕೆತ್ತಿದರೆ ಸ್ಕ್ರೂ ಇಲ್ಲದೆಯೂ ಒಡಲು ಕಳಚದೆ ನಿಲ್ಲುವಷ್ಟು ಬಿಗಿ ಇರಬೇಕು. ಸುತ್ತಿಗೆಯಿಂದ ಬಡಿದು ಕೂರಿಸುವಷ್ಟು ಬಿಗಿಯಾಗಬಾರದು. ಮಳೆಗಾಲದಲ್ಲಿ ಎರಡೂ ಮರಗಳು ಉಬ್ಬುತ್ತವೆ, ಪಾಲಿಶಿನ ಪದರವೂ ಜಾಗ ತೆಗೆದುಕೊಳ್ಳುತ್ತದೆ. ಅತಿ ಬಿಗಿಯಾದ ಗುಂಡಿಯ ಮೂಲೆಯಲ್ಲಿ ಪಾಲಿಶ್ ಬಿರುಕು ಬಿಡುವುದು ಇದೇ ಕಾರಣಕ್ಕೆ. ಸ್ಕ್ರೂಗಳಿಗೆ ಒಡಲಿನಲ್ಲಿ ಸಡಿಲವಾದ ತೂತು, ನೆಕ್ಕಿನಲ್ಲಿ ಬಿಗಿಯಾದ ಸಣ್ಣ ತೂತು ಕೊರೆಯಬೇಕು. ಸ್ಕ್ರೂ ಒಡಲನ್ನೂ ಕಚ್ಚಿಕೊಂಡರೆ ಎರಡರ ನಡುವೆ ಕೂದಲೆಳೆಯಷ್ಟು ಸಂದಿ ಉಳಿದುಬಿಡುತ್ತದೆ. ಸ್ಕ್ರೂವಿಗೆ ಸ್ವಲ್ಪ ಮೇಣ ತಿಕ್ಕಿದರೆ ಗಟ್ಟಿಮರದಲ್ಲಿ ಅದು ಮುರಿಯುವುದಿಲ್ಲ.

ನೆಕ್ಕನ್ನು ಬಿಗಿದಾದ ಮೇಲಷ್ಟೆ ಬ್ರಿಡ್ಜಿನ ಜಾಗ ಗುರುತಿಸಿ. ನಟ್‌ನ ಒಳ ಅಂಚಿನಿಂದ ಹನ್ನೆರಡನೆಯ ಫ್ರೆಟ್ಟಿನ ನಡುವಿಗೆ ಅಳೆದು, ಅಷ್ಟೇ ದೂರವನ್ನು ಮುಂದಕ್ಕೆ ಅಳೆದರೆ ಅತ್ಯಂತ ತೆಳುವಾದ ತಂತಿಯ ಸ್ಯಾಡಲ್ (ಬ್ರಿಡ್ಜಿನಲ್ಲಿ ತಂತಿ ಕೂರುವ ಬಿಲ್ಲೆ) ಬರಬೇಕಾದ ಜಾಗ ಸಿಗುತ್ತದೆ. ಆ ಸ್ಯಾಡಲನ್ನು ಬ್ರಿಡ್ಜಿನಲ್ಲಿ ಬಹುಮಟ್ಟಿಗೆ ಮುಂದಕ್ಕೆ ತಂದು ಗುರುತು ಹಾಕಬೇಕು, ಏಕೆಂದರೆ ದಪ್ಪ ತಂತಿಗಳ ಸ್ಯಾಡಲುಗಳು ಮೂರು ನಾಲ್ಕು ಮಿಲಿಮೀಟರ್ ಹಿಂದಕ್ಕೆ ಸರಿಯಬೇಕಾಗುತ್ತದೆ. ಮೊದಲ ಮತ್ತು ಆರನೆಯ ತಂತಿಗಳ ಜಾಗದಲ್ಲಿ ಹೊಲಿಗೆ ದಾರವನ್ನು ಎಳೆದು ಕಟ್ಟಿ, ಬೆರಳ ಹಲಗೆಯ ಎರಡೂ ಅಂಚಿನಿಂದ ಅವು ಸಮಾನ ದೂರದಲ್ಲಿವೆಯೇ ಎಂದು ನೋಡಿದ ಮೇಲೆ ತೂತು ಕೊರೆಯಿರಿ.

ಪಿಕಪ್ಪಿನ ಮತ್ತು ವೈರಿಂಗ್‌ನ ಗುಂಡಿಗಳು ಸುಲಭದ ಕೆಲಸ. ಬ್ರಿಡ್ಜಿನ ಅಡಿಯಿಂದ ವೈರಿಂಗ್ ಗುಂಡಿಗೆ ಅರ್ಥ್ ತಂತಿ ಹೋಗಲು ಸಣ್ಣದೊಂದು ಸುರಂಗ ಕೊರೆಯುವುದನ್ನು ಮಾತ್ರ ಮರೆಯಬಾರದು. ಪಾಲಿಶ್ ಆದ ಮೇಲೆ ಆ ತೂತನ್ನು ಕೊರೆಯುವುದು ಕಷ್ಟ.

ಇಷ್ಟಾದ ಮೇಲೆ ಪಾಲಿಶಿಗೆ ಅವಸರಪಡದೆ ಗಿಟಾರನ್ನು ಪಾಲಿಶಿಲ್ಲದ ಬರಿಮೈಯಲ್ಲೇ ಪೂರ್ತಿ ಜೋಡಿಸಿ, ತಂತಿ ಕಟ್ಟಿ, ಕೆಲವು ವಾರ ನುಡಿಸಿ. ತಂತಿಗಳು ನೇರವಾಗಿವೆಯೇ, ಬ್ರಿಡ್ಜಿನ ಎತ್ತರ ಸಾಲುತ್ತದೆಯೇ, ಒಡಲಿನ ಅಂಚು ಮುಂಗೈಗೆ ಒತ್ತುತ್ತದೆಯೇ ಎಂಬುದೆಲ್ಲ ಆಗಲೇ ತಿಳಿಯುತ್ತದೆ, ಆಗಲೇ ತಿದ್ದಲೂ ಬರುತ್ತದೆ.

ಪಾಲಿಶ್

ಬಿಚ್ಚಿದ ಒಡಲನ್ನು 80, 120, 180, 220, 320 ಎಂಬ ಕ್ರಮದಲ್ಲಿ ಸ್ಯಾಂಡ್ ಪೇಪರಿನಿಂದ ಮರದ ಎಳೆಯ ದಿಕ್ಕಿಗೇ ತಿಕ್ಕಿ. ಒಂದೂ ಮೆಟ್ಟಿಲು ಹಾರಬಾರದು. 80ರ ಗೀರು ಪಾಲಿಶಿನ ಅಡಿಯಲ್ಲಿ ಎದ್ದು ಕಾಣುತ್ತದೆ. 220 ಆದ ಮೇಲೆ ಒದ್ದೆ ಬಟ್ಟೆಯಿಂದ ಒರೆಸಿ, ಎದ್ದುನಿಂತ ನಾರುಗಳು ಒಣಗಿದ ನಂತರ ಮತ್ತೆ ತಿಕ್ಕಿ. ಹಲಸು, ತೇಗಗಳ ರಂಧ್ರಗಳು ದೊಡ್ಡವು. ಕನ್ನಡಿಯಂಥ ಹೊಳಪು ಬೇಕಾದರೆ ಅವನ್ನು ಫಿಲ್ಲರಿನಿಂದ ತುಂಬಲೇಬೇಕು. ನನಗೆ ಎಳೆಗಳು ಬೆರಳಿಗೆ ಸಿಗುವ ಮಂದ ಹೊಳಪೇ ಹೆಚ್ಚು ಇಷ್ಟ. ಅದಕ್ಕೆ ಫಿಲ್ಲರ್ ಬೇಕಿಲ್ಲ, ಮುಂದೆ ಗೀರು ಬಿದ್ದರೆ ತಿದ್ದುವುದೂ ಸುಲಭ.

ಯಾವ ಪಾಲಿಶ್ ಎಂಬುದು ಊರನ್ನು ಅವಲಂಬಿಸಿದೆ. ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಬಟ್ಟೆಯ ಉಂಡೆಯಿಂದ ಹಚ್ಚುವ ಫ್ರೆಂಚ್ ಪಾಲಿಶ್ ನೋಡಲು ಅತಿ ಸುಂದರ, ನಮ್ಮ ಬಡಗಿಗಳಿಗೆ ಚೆನ್ನಾಗಿ ಗೊತ್ತಿರುವ ವಿದ್ಯೆಯೂ ಹೌದು. ಆದರೆ ಸ್ಪಿರಿಟ್ ಆವಿಯಾಗುವಾಗ ಮೈ ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಕೂರುವುದರಿಂದ, ತೇವದ ದಿನ ಹಚ್ಚಿದರೆ ಬಿಳಿಯ ಮಬ್ಬು ಕವಿಯುತ್ತದೆ. ಬೆವರಿದ ಮುಂಗೈ ಸದಾ ಒರಗುವ ಜಾಗದಲ್ಲಿ ಅದು ಬಾಳುವುದೂ ಕಡಿಮೆ. ಶಿರಸಿಯಲ್ಲಿ ಚಳಿಗಾಲದ ಇಬ್ಬನಿ ಆರಿದ ಮೇಲೆ, ಎಂದರೆ ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರರವರೆಗೆ ಇದನ್ನು ಮಾಡಬಹುದು. ಕಾರವಾರ, ಅಂಕೋಲಾ, ಕುಮಟಾಗಳ ಕಡಲಗಾಳಿಗೆ ಪಾಲಿಯುರೆಥೇನ್ ವಾರ್ನಿಶ್ಶೇ ಸರಿ. ಕರಾವಳಿಯ ಹಳೆಯ ಮನೆಗಳ ತೊಲೆಗಳಿಗೆ ಬಳಿಯುತ್ತಿದ್ದ ಗೇರು ಎಣ್ಣೆ ಮರವನ್ನು ಕಾಯುವುದು ನಿಜ. ಆದರೂ ಗಿಟಾರಿಗೆ ಅದು ತಕ್ಕುದಲ್ಲ: ಕಪ್ಪಾಗುತ್ತದೆ, ತಾಗಿದ ಚರ್ಮದಲ್ಲಿ ಗುಳ್ಳೆ ಎಬ್ಬಿಸುತ್ತದೆ.

ನಾನು ಹೇಳುವ ಕ್ರಮ ಹೀಗಿದೆ. ಮೇಣ ತೆಗೆದ ಅರಗಿನ ತೆಳುವಾದ ಒಂದು ಪದರವನ್ನು ಮೊದಲು ಹಚ್ಚಿ. ತೇಗದ ಎಣ್ಣೆ ಮೇಲಿನ ವಾರ್ನಿಶ್ ಗಟ್ಟಿಯಾಗುವುದನ್ನು ತಡೆಯುತ್ತದೆ. ಈ ಪದರ ಆ ಎಣ್ಣೆಯನ್ನು ಒಳಗೇ ನಿಲ್ಲಿಸುತ್ತದೆ. ಮೇಣ ಇರುವ ಅರಗಿನ ಮೇಲೆ ಪಾಲಿಯುರೆಥೇನ್ ಹಿಡಿಯುವುದಿಲ್ಲವೆಂಬುದನ್ನು ನೆನಪಿಡಿ. ಬಳಿಕ ಪಾಲಿಯುರೆಥೇನನ್ನು ತಕ್ಕ ಥಿನ್ನರಿನಲ್ಲಿ ಅರ್ಧಕ್ಕರ್ಧ ತೆಳುವಾಗಿಸಿ, ನಾರು ಬಿಡದ ಹಳೆಯ ಹತ್ತಿ ಬಟ್ಟೆಯಿಂದ ಸವರಿ. ಪ್ರತಿ ಪದರವೂ ಒಣಗಿದ ಮೇಲೆ 400ರ ಕಾಗದದಿಂದ ಹಗುರವಾಗಿ ತಿಕ್ಕಿ ಮುಂದಿನದನ್ನು ಹಚ್ಚುತ್ತ, ಆರರಿಂದ ಎಂಟು ಪದರ ಕಟ್ಟಿ. ಮುಂದಿನ ಮೈ ಹಚ್ಚಿದಷ್ಟೇ ಸಲ ಹಿಂದಿನ ಮೈಗೂ, ಗುಂಡಿಗಳ ಒಳಗೂ ಹಚ್ಚಬೇಕು. ಒಂದೇ ಬದಿ ಮುಚ್ಚಿದ ಹಲಗೆ ಇನ್ನೊಂದು ಬದಿಯಿಂದ ತೇವ ಹೀರಿ ಬಾಗುತ್ತದೆ; ಇಲ್ಲಿನ ಮಳೆಗಾಲದಲ್ಲಿ ಇದು ಸಣ್ಣ ಮಾತಲ್ಲ. ಕೊನೆಯ ಪದರದ ನಂತರ ಮೂರು ನಾಲ್ಕು ವಾರ ತೂಗುಹಾಕಿ ಬಿಡಿ. ವಾಸನೆ ಪೂರ್ತಿ ಹೋದ ಮೇಲೆ 1000, 1500, 2000ರ ಕಾಗದವನ್ನು ಸೋಪುನೀರಿನಲ್ಲಿ ಅದ್ದಿ ತಿಕ್ಕಿ, ಕಾರಿಗೆ ಬಳಸುವ ರಬ್ಬಿಂಗ್ ಕಾಂಪೌಂಡಿನಿಂದ ಹೊಳಪು ಕೊಡಿ. ಸ್ಕ್ರೂ ತೂತುಗಳೊಳಗೆ ಆ ನೀರು ಇಳಿಯದಂತೆ ಮೊದಲೇ ಮೇಣ ತುಂಬಿರಬೇಕು. ವಾರ್ನಿಶ್ ಅಥವಾ ಅಗಸೆ ಎಣ್ಣೆ ಹಚ್ಚಿದ ಬಟ್ಟೆಯನ್ನು ಮುದುಡಿ ಬಿಸಾಡಬಾರದು. ಒಣಗುವಾಗ ಹುಟ್ಟುವ ಶಾಖ ಹೊರಹೋಗಲಾಗದೆ ಅದು ತಾನಾಗಿ ಹೊತ್ತಿಕೊಳ್ಳಬಲ್ಲದು. ಅಂಗಳದ ತಂತಿಯ ಮೇಲೆ ಹರವಿ ಒಣಗಿಸಿ.

ವೈರಿಂಗ್ ಮತ್ತು ಶ್ರುತಿ

ಗುಂಡಿಗಳ ಒಳಮೈಗೆ, ಹಿಂಬದಿಯಲ್ಲಿ ಅಂಟು ಬಳಿದ ತಾಮ್ರದ ಹಾಳೆಯನ್ನು ಹೊದಿಸಿ, ತುಂಡುಗಳ ಜೋಡಣೆಗೆ ಬೆಸುಗೆ ಹಾಕಿ, ಅದನ್ನೂ ಬ್ರಿಡ್ಜನ್ನೂ ಅರ್ಥ್‌ಗೆ ಸೇರಿಸಿ. ಮನೆಯ 50 ಹರ್ಟ್ಸ್ ವಿದ್ಯುತ್ತಿನ ಗುಂಯ್‌ಗುಡುವಿಕೆ ಬಹಳ ಮಟ್ಟಿಗೆ ತಗ್ಗುತ್ತದೆ. ಒಂಟಿ ಸುರುಳಿಯ ಪಿಕಪ್ಪಿಗೆ 250 ಕಿಲೋಓಮ್, ಜೋಡಿ ಸುರುಳಿಯ ಹಂಬಕ್ಕರಿಗೆ 500 ಕಿಲೋಓಮ್‌ನ ವಾಲ್ಯೂಮ್ ಕಂಟ್ರೋಲ್ ರೂಢಿ. ಪಿಕಪ್ಪಿನ ತಂತಿ ಕಂಟ್ರೋಲಿನ ಒಂದು ತುದಿಗೆ, ಇನ್ನೊಂದು ತುದಿ ಅರ್ಥ್‌ಗೆ, ನಡುವಿನ ಕಾಲು ಜ್ಯಾಕಿಗೆ. ಟೋನ್ ಕಂಟ್ರೋಲಿಗೆ 0.022 ಅಥವಾ 0.047 ಮೈಕ್ರೋಫ್ಯಾರಡ್‌ನ ಕೆಪಾಸಿಟರ್ ಸಾಕು. ತಂತಿ ಮುಟ್ಟಿದಾಗ ಸದ್ದು ಇಳಿದರೆ ಅರ್ಥ್ ಸರಿಯಾಗಿದೆ. ನುಡಿಸುವವರ ಕೈ ಬ್ರಿಡ್ಜಿನ ಮೂಲಕ ಆಂಪ್ಲಿಫೈಯರಿನ ಚೌಕಟ್ಟಿಗೆ ಸೇರುವುದರಿಂದ, ಆಂಪ್ಲಿಫೈಯರನ್ನು ಅರ್ಥಿಂಗ್ ಸರಿಯಿರುವ ಮೂರು ಪಿನ್ನಿನ ಸಾಕೆಟ್ಟಿಗೇ ಸಿಕ್ಕಿಸಬೇಕು. ಹಳೆಯ ಮನೆಯಾದರೆ ಎಲೆಕ್ಟ್ರಿಷಿಯನ್ನರಿಂದ ಮೊದಲು ಅದನ್ನು ಪರೀಕ್ಷಿಸಿಕೊಳ್ಳಿ.

ತಂತಿ ಕಟ್ಟಿ ಶ್ರುತಿಗೆ ತಂದು ಒಂದು ದಿನ ಬಿಟ್ಟ ಮೇಲೆ, ಆರನೆಯ ತಂತಿಯನ್ನು ಮೊದಲ ಮತ್ತು ಕೊನೆಯ ಫ್ರೆಟ್ಟುಗಳಲ್ಲಿ ಒತ್ತಿಹಿಡಿದು ಎಂಟನೆಯ ಫ್ರೆಟ್ಟಿನ ಬಳಿ ಸಂದಿಯನ್ನು ಅಳೆಯಿರಿ. ಬೈಕ್ ಗ್ಯಾರೇಜಿನಲ್ಲಿ ಬಳಸುವ ಫೀಲರ್ ಗೇಜ್ ಇದಕ್ಕೆ ಸಾಕು. ಸಂದಿ 0.2ರಿಂದ 0.25 ಮಿಲಿಮೀಟರ್ ಇರಬೇಕು. ಹೆಚ್ಚಿದ್ದರೆ ಟ್ರಸ್ ರಾಡನ್ನು ಒಂದು ಸಲಕ್ಕೆ ಕಾಲು ಸುತ್ತಿನಂತೆ ಬಿಗಿಯಿರಿ. ಹನ್ನೆರಡನೆಯ ಫ್ರೆಟ್ಟಿನ ಮೇಲೆ ತಂತಿಯ ಎತ್ತರ 1.6ರಿಂದ 2 ಮಿಲಿಮೀಟರಿಗೆ ಬರಲಿ. ಬಳಿಕ ಹನ್ನೆರಡನೆಯ ಫ್ರೆಟ್ಟಿನಲ್ಲಿ ಒತ್ತಿ ನುಡಿಸಿದ ಸ್ವರವನ್ನು ಅದೇ ಜಾಗದಲ್ಲಿ ಬೆರಳು ತಾಗಿಸಿ ಬಿಟ್ಟಾಗ ಬರುವ ಹಾರ್ಮೋನಿಕ್‌ಗೆ ಹೋಲಿಸಿ. ಒತ್ತಿದ ಸ್ವರ ಏರಿದ್ದರೆ ಸ್ಯಾಡಲ್ ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ.

ಜೂನ್ ಬಂದೊಡನೆ ಗಿಟಾರನ್ನು ಹೊರಗೋಡೆಯ ಚಿರೆಕಲ್ಲಿಗೆ ತೂಗುಹಾಕದೆ, ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಪೆಟ್ಟಿಗೆಯಲ್ಲಿಡಿ. ಪೊಟ್ಟಣಗಳು ತೇವ ಹೀರಿ ಸೋತಾಗ ಹೊರತೆಗೆದು ಬಿಸಿ ಮಾಡಿ ಮತ್ತೆ ಬಳಸಬಹುದು. ಪೆಟ್ಟಿಗೆಯ ಒಳಬಟ್ಟೆಗೆ ಬೂಷ್ಟು ಹಿಡಿಯದಂತೆ ವಾರಕ್ಕೊಮ್ಮೆ ತೆರೆದು ಗಾಳಿಯಾಡಿಸಿ. ಕರಾವಳಿಯವರು ಸ್ಟೇನ್‌ಲೆಸ್ ಸ್ಕ್ರೂಗಳನ್ನೂ ಲೇಪನವಿರುವ ತಂತಿಗಳನ್ನೂ ಹಾಕಿಸಿಕೊಂಡು, ನುಡಿಸಿದ ಪ್ರತಿ ಸಲವೂ ಒಣಬಟ್ಟೆಯಿಂದ ತಂತಿ ಒರೆಸಿದರೆ ತುಕ್ಕು ದೂರವಿರುತ್ತದೆ. ಮಳೆ ಹಿಡಿದಾಗ ಒಮ್ಮೆ, ನವರಾತ್ರಿಯ ಹೊತ್ತಿಗೆ ಹವೆ ಒಣಗತೊಡಗಿದಾಗ ಇನ್ನೊಮ್ಮೆ ಫೀಲರ್ ಗೇಜ್ ಹಿಡಿದು ನೆಕ್ಕಿನ ಸಂದಿಯನ್ನು ಅಳೆದು ಟ್ರಸ್ ರಾಡನ್ನು ಹೊಂದಿಸಿ. ಮಾರ್ಚ್ ತಿಂಗಳಲ್ಲಿ ಬೆರಳ ಹಲಗೆಯ ಅಂಚಿನ ಉದ್ದಕ್ಕೂ ಕೈಯಾಡಿಸಿ ನೋಡಿ. ಒಣಗಿ ಕುಗ್ಗಿದ ಮರದಿಂದ ಫ್ರೆಟ್ಟಿನ ತುದಿಗಳು ಹೊರಚಾಚಿ ಚುಚ್ಚುತ್ತಿದ್ದರೆ, ಸಣ್ಣ ಹಲ್ಲಿನ ಅರದಿಂದ ಅವನ್ನು ಅಂಚಿಗೆ ಸಮವಾಗಿ ಉಜ್ಜಿ, ಬೆರಳ ಹಲಗೆಗೆ ಒಂದೆರಡು ಹನಿ ಎಣ್ಣೆ ಸವರಿ ಒರೆಸಿಬಿಡಿ.